‘ನರ ವೀಕ್ ಆಗೈತೆ ಸರ್’: ಮದುವೆಗೆ ಮುಂಚೆ ಬಂದ ಒಂದು ಪ್ರಕರಣ

ತಮ್ಮ ಕಾಯಿಲೆಗೆ ತಾವೇ ‘ನರ ದೌರ್ಬಲ್ಯ’ ಎಂದು ಹೆಸರಿಟ್ಟುಕೊಂಡು ಆಪ್ತಸಲಹೆಗೆ ಬರುವ ಗಂಡಸರು ಬಹಳ. ಬಸ್ ಸ್ಟ್ಯಾಂಡಿನ ಗೋಡೆ, ಮೂತ್ರಾಲಯದ ಬಾಗಿಲು, ಈಗೀಗ ಮೊಬೈಲಿನ ವಿಡಿಯೋ, ಎಲ್ಲಿಂದಲೋ ಆ ಹೆಸರು ಅವರ ಕೈಗೆ ಸಿಕ್ಕಿರುತ್ತದೆ. ಇದು ಅಂಥ ಒಬ್ಬನ ಪ್ರಕರಣ. ಅವನ ಒಪ್ಪಿಗೆ ಪಡೆದೇ ಬರೆದಿದ್ದೇನೆ. ಗುರುತು ಹತ್ತುವಂಥ ವಿವರಗಳನ್ನು ಬದಲಿಸಿದ್ದೇನೆ.

ವಯಸ್ಸು ಇಪ್ಪತ್ತೇಳು. ಮಧ್ಯ ಕರ್ನಾಟಕದ ಒಂದು ತಾಲ್ಲೂಕು ಕೇಂದ್ರದಲ್ಲಿ ಬೋರ್‌ವೆಲ್ ಮೋಟಾರ್ ರಿವೈಂಡಿಂಗ್ ಅಂಗಡಿ ಇಟ್ಟಿದ್ದಾನೆ. ಕರೆದುಕೊಂಡು ಬಂದದ್ದು ಸೋದರಮಾವ. ಮದುವೆ ನಿಶ್ಚಯವಾಗಿ, ಛತ್ರಕ್ಕೆ ಅಡ್ವಾನ್ಸ್ ಕೊಟ್ಟು, ಲಗ್ನಪತ್ರಿಕೆ ಅಚ್ಚಿಗೆ ಹೋಗುವ ಹೊತ್ತಿಗೆ ಹುಡುಗ ಮುಂದಕ್ಕೆ ಹಾಕಿ ಎಂದು ಹಟ ಹಿಡಿದು ಕೂತಿದ್ದ. ಯಾಕೆ ಎಂದು ಕೇಳಿದರೆ ಬಾಯಿ ಬಿಡುತ್ತಿರಲಿಲ್ಲ.

“ಹೆಣ್ಣಿನ ಕಡೆಯೋರು ನಮ್ಮ ಸಂಬಂಧಿಕರೇ ಸರ್. ಇವನಿಗೇನಾದ್ರೂ ದೋಷ ಐತೆ ಅಂದ್ರೆ ಈಗ್ಲೇ ಹೇಳಿಬಿಡಿ. ನಾಳೆ ಅವರಿಗೆ ಮುಖ ತೋರಿಸಬೇಕಾದೋನು ನಾನು” ಎಂದರು ಮಾವ. ಅವರಿಗೆ ನೀರು ಕೊಟ್ಟು ಹೊರಗೆ ಕೂರಿಸಿದೆ.

ಒಬ್ಬನೇ ಆದ ಮೇಲೆ ಹುಡುಗ ಮೊದಲು ಮಾಡಿದ ಕೆಲಸ, ತಂದಿದ್ದ ಕ್ಯಾರಿಬ್ಯಾಗನ್ನು ಮೇಜಿನ ಮೇಲೆ ಬೋರಲು ಹಾಕಿದ್ದು. ಬೇರೆ ಬೇರೆ ಕಂಪನಿಯ ಬಿ-ಕಾಂಪ್ಲೆಕ್ಸ್ ಸ್ಟ್ರಿಪ್‌ಗಳು, ಮುಗಿದ ಲೇಹ್ಯದ ಡಬ್ಬಿ, ಟಾನಿಕ್ ಬಾಟಲಿ, ಪೇಪರಿನ ಪೊಟ್ಟಣದಲ್ಲಿ ಬೂದುಬಣ್ಣದ ಒಂದು ಪುಡಿ. ಪುಡಿ ಹೈವೇ ಪಕ್ಕ ಡೇರೆ ಹಾಕಿದ್ದವನು ಕೊಟ್ಟದ್ದು. ಅವನು ನಾಡಿ ಹಿಡಿದು “ಎಡಗಡೆಯ ನರ ಪೂರ್ತಿ ಒಣಗಿದೆ” ಎಂದನಂತೆ. ಹಂಗಾಮಿನಲ್ಲಿ ದುಡಿದದ್ದರಲ್ಲಿ ದೊಡ್ಡ ಪಾಲು ಆ ಡೇರೆಗೇ ಹೋಗಿತ್ತು.

“ಕೈ ನಡುಗ್ತಾವೆ ಸರ್. ಸಣ್ಣ ಗೇಜಿನ ವೈರು ಸುತ್ತೋವಾಗ ಎಣಿಕೆ ತಪ್ಪುತ್ತೆ. ಬೆರಳ ತುದಿ ಜುಮ್ ಅಂತಾವೆ, ಬಾಯಿ ಸುತ್ತ ಜೋಮು ಹಿಡಿದಂಗೆ ಆಗುತ್ತೆ. ಎದೆ ಡವಡವ. ನಿದ್ದೆ ಇಲ್ಲ. ನರ ವೀಕ್ ಆಗೈತೆ.” ಮುಂಗೈ ಹಿಂಬದಿಯಲ್ಲಿ ಉಬ್ಬಿದ ನೀಲಿ ಗೆರೆಗಳನ್ನೂ ತೋರಿಸಿದ. ಅವು ರಕ್ತನಾಳಗಳು, ದುಡಿಯುವ ಕೈಯಲ್ಲಿ ಉಬ್ಬಿಯೇ ಇರುತ್ತವೆ ಎಂದೆ. ನರಗಳು ಹಾಗೆ ಚರ್ಮದ ಮೇಲೆ ಕಾಣುವುದಿಲ್ಲ.

ನಿಜವಾದ ವಿಷಯ ಬಂದದ್ದು ಬಹಳ ಹೊತ್ತಿನ ಮೇಲೆ, ತಲೆ ತಗ್ಗಿಸಿಕೊಂಡು. ಹೈಸ್ಕೂಲಿನಿಂದ ಹಸ್ತಮೈಥುನದ ಅಭ್ಯಾಸ. ನಲವತ್ತು ಹನಿ ರಕ್ತ ಸೇರಿದರೆ ಒಂದು ಹನಿ ಧಾತು, ಅಂದರೆ ವೀರ್ಯ, ಎಂದು ಯಾರೋ ಆಗಲೇ ತಲೆಗೆ ತುಂಬಿದ್ದರು. ನಿಶ್ಚಿತಾರ್ಥ ಆದ ಮೇಲೆ ದಿನಾ ಬೆಳಿಗ್ಗೆ ತನ್ನನ್ನು ತಾನು ‘ಟೆಸ್ಟ್’ ಮಾಡಿಕೊಳ್ಳಲು ಶುರುಮಾಡಿದ್ದ. ನಿಮಿರುವಿಕೆ ಒಂದು ದಿನ ಸರಿ, ಎರಡು ದಿನ ಇಲ್ಲ. ಇಲ್ಲದ ದಿನ ಕೈ ನಡುಕ ಹೆಚ್ಚು. ಮೂತ್ರದಲ್ಲಿ ಬಿಳಿ ಕಂಡರೆ ಅವತ್ತು ಅಂಗಡಿಯೇ ತೆರೆಯುತ್ತಿರಲಿಲ್ಲ.

ಇಂಥ ಪ್ರಕರಣ ನಮ್ಮ ಕಡೆ ಹೊಸದೇನಲ್ಲ. ವೀರ್ಯ ಹೋದರೆ ಶಕ್ತಿ ಹೋಗುತ್ತದೆಂಬ ಭಯದಿಂದ ಬರುವ ಈ ಲಕ್ಷಣಗಳ ಗುಚ್ಛಕ್ಕೆ ಮನೋವೈದ್ಯ ಡಾ. ಎನ್.ಎನ್. ವಿಗ್ 1960ರಲ್ಲಿ ‘ಧಾತ್ ಸಿಂಡ್ರೋಮ್’ ಎಂದು ಹೆಸರಿಟ್ಟರು. ‘ನರ ದೌರ್ಬಲ್ಯ’ಕ್ಕೆ ಪರದೇಶದ ನೆಂಟನೂ ಇದ್ದಾನೆ. ಅಮೆರಿಕದ ಜಾರ್ಜ್ ಬಿಯರ್ಡ್ ಎಂಬ ವೈದ್ಯ 1869ರಲ್ಲಿ ‘ನ್ಯೂರಸ್ತೇನಿಯಾ’ ಎಂಬ ರೋಗನಾಮವನ್ನು ಪ್ರಚಾರಕ್ಕೆ ತಂದ. ನರಗಳ ಶಕ್ತಿ ಖರ್ಚಾಗಿ ಬರಿದಾಗುತ್ತದೆ ಎಂಬುದು ಅವನ ವಾದ. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯ ಹನ್ನೊಂದನೇ ಆವೃತ್ತಿಯಲ್ಲಿ ಆ ಹೆಸರಿಗೆ ಪ್ರತ್ಯೇಕ ಜಾಗವಿಲ್ಲ. ನಮ್ಮ ಗೋಡೆಗಳ ಮೇಲೆ ಮಾತ್ರ ಅದು ಗಟ್ಟಿಯಾಗಿ ಕೂತಿದೆ. 1954ರ ಡ್ರಗ್ಸ್ ಅಂಡ್ ಮ್ಯಾಜಿಕ್ ರೆಮಿಡೀಸ್ ಕಾಯ್ದೆಯ ಪಟ್ಟಿಯಲ್ಲಿ ನರ ದೌರ್ಬಲ್ಯದ ಹೆಸರು ಇದೆ. ಅಂದರೆ ಅದನ್ನು ವಾಸಿಮಾಡುತ್ತೇವೆಂದು ಜಾಹೀರಾತು ಹಾಕುವುದೇ ಅಪರಾಧ. ಆ ಬೋರ್ಡುಗಳ ಕೆಳಗೇ ಪೊಲೀಸರೂ ಬಸ್ಸಿಗೆ ಕಾಯುತ್ತಾ ನಿಂತಿರುತ್ತಾರೆ, ಇರಲಿ.

ನಾನು ವೈದ್ಯನಲ್ಲ. ಹಾಗಾಗಿ ಮೊದಲ ಭೇಟಿಯಲ್ಲಿ “ನಿನಗೇನೂ ಇಲ್ಲ” ಎನ್ನಲಿಲ್ಲ. ಆ ಮಾತನ್ನು ಪರೀಕ್ಷೆಗೆ ಮುಂಚೆ ಹೇಳಿದರೆ ಸುಳ್ಳಾಗಬಹುದು, ಆಮೇಲೆ ಬರೀ ಅಷ್ಟನ್ನೇ ಹೇಳಿದರೆ ಅವಮಾನವಾಗುತ್ತದೆ. ಕೈನಡುಕ ಥೈರಾಯ್ಡ್ ಹೆಚ್ಚಾದರೂ ಬರುತ್ತದೆ. ಜೋಮು ಸಕ್ಕರೆ ಕಾಯಿಲೆಯಿಂದ ಬರಬಹುದು, ಬಿ12 ಕೊರತೆಯಿಂದಲೂ ಬರಬಹುದು. ಹಾಲು-ಮೊಸರನ್ನೂ ಹೆಚ್ಚು ಮುಟ್ಟದ ಸಸ್ಯಾಹಾರಿಗಳಲ್ಲಿ ಬಿ12 ಕೊರತೆ ಅಪರೂಪವಲ್ಲ. ಆ ಕೊರತೆಗೆ ಚಿಕಿತ್ಸೆ ಮಾಡದೇ ಬಿಟ್ಟರೆ ಬೆನ್ನುಹುರಿಗೇ ಹಾನಿಯಾಗಬಹುದು. ವೈದ್ಯರಿಗೆ ಚೀಟಿ ಬರೆದು ಕಳಿಸಿದೆ, ಕ್ಯಾರಿಬ್ಯಾಗ್ ಸಮೇತ.

ವೈದ್ಯರು ಮೊಣಕಾಲಿಗೆ ಸುತ್ತಿಗೆಯಿಂದ ತಟ್ಟಿ ನೋಡಿದರು, ಹೆಬ್ಬೆರಳಿನ ಮೇಲೆ ಟ್ಯೂನಿಂಗ್ ಫೋರ್ಕ್ ಇಟ್ಟು ಕಂಪನ ಗೊತ್ತಾಗುತ್ತದೆಯೇ ಎಂದು ಕೇಳಿದರು, ಹಿಮ್ಮಡಿಯ ಮೇಲೆ ನಡೆಸಿದರು. ರಕ್ತ, ಮೂತ್ರ, ಥೈರಾಯ್ಡ್, ಸಕ್ಕರೆ, ಬಿ12 ನೋಡಿಸಿದರು. ಎಲ್ಲ ಸರಿ ಇತ್ತು. ಮೂತ್ರದ ಬಿಳಿ ಫಾಸ್ಫೇಟ್ ಹರಳುಗಳದ್ದು. ಪುಡಿಯನ್ನು ಮಾತ್ರ ಅವತ್ತೇ ನಿಲ್ಲಿಸಿದರು. ಇಂಥ ಹೆಸರಿಲ್ಲದ ಪುಡಿಗಳಲ್ಲಿ ಸೀಸ, ಪಾದರಸ ಇರಬಹುದು, ಅವೆರಡೂ ನರಗಳಿಗೆ ವಿಷ. ‘ನರದ ಮಾತ್ರೆ’ಯೂ ನಿರಪಾಯಕಾರಿಯಲ್ಲ. ಬಿ6 ಜೀವಸತ್ವವನ್ನು ಹೆಚ್ಚಿನ ಪ್ರಮಾಣದಲ್ಲಿ ತಿಂಗಳುಗಟ್ಟಲೆ ನುಂಗಿದರೆ ಅದೇ ಕೈಕಾಲು ಜೋಮು ಹಿಡಿಸುತ್ತದೆ. ಇದನ್ನು ಕೇಳಿ ಅವನ ಮುಖ ನೋಡಬೇಕಿತ್ತು.

ಮುಂದಿನ ಭೇಟಿಗೆ ರಿಪೋರ್ಟು ಹಿಡಿದು ಬಂದ. ಸಮಾಧಾನವಾಗಿರಲಿಲ್ಲ. “ಹಂಗಾದ್ರೆ ನಡುಕ ಯಾಕೆ ಸರ್? ಸುಳ್ಳು ಹೇಳ್ತಾ ಇದೀನಾ?” ನ್ಯಾಯವಾದ ಪ್ರಶ್ನೆ. ಅಂದಿನ ಭೇಟಿ ಪೂರ್ತಿ ಅದಕ್ಕೇ ಹೋಯಿತು.

ಅವನ ಕೈಯನ್ನೇ ಪಾಠ ಮಾಡಿಕೊಂಡೆ. ಬಿಸಿ ಸೋಲ್ಡರಿಂಗ್ ಐರನ್ ತಾಗಿದಾಗ ಏನು ಮಾಡ್ತೀಯ ಎಂದೆ. “ಕೈ ತಾನೇ ಹಿಂದಕ್ಕೆ ಬರುತ್ತೆ, ಉರಿ ಆಮೇಲೆ.” ಅದು ಬೆನ್ನುಹುರಿಯ ಮಟ್ಟದಲ್ಲೇ ತೀರ್ಮಾನವಾಗುವ ಪರಾವರ್ತಿತ ಪ್ರತಿಕ್ರಿಯೆ, ಮಿದುಳಿಗೆ ಸುದ್ದಿ ಮುಟ್ಟುವಷ್ಟರಲ್ಲಿ ಸ್ನಾಯು ಕೆಲಸ ಮುಗಿಸಿರುತ್ತದೆ. ಹೆಬ್ಬೆರಳಿಗೆ ಸುತ್ತಿಗೆ ಬಿದ್ದಾಗ? ಮೊದಲು ಚುರುಕ್, ಒಂದು ಗಳಿಗೆ ಬಿಟ್ಟು ಹರಡುವ ನೋವು. ಎರಡೂ ಬೇರೆ ಬೇರೆ ತಂತುಗಳಲ್ಲಿ ಬರುತ್ತವೆ. ಮಯಲಿನ್ ಎಂಬ ಕೊಬ್ಬಿನ ಹೊದಿಕೆ ಇರುವ ತಂತು ಸುದ್ದಿಯನ್ನು ಬೇಗ ಒಯ್ಯುತ್ತದೆ, ಹೊದಿಕೆ ಇಲ್ಲದ್ದು ಸೆಕೆಂಡಿಗೆ ಸುಮಾರು ಒಂದು ಮೀಟರಿನಂತೆ ತೆವಳುತ್ತದೆ. ದೇಹದ ಅತಿ ವೇಗದ ತಂತುಗಳಲ್ಲಿ ಸಂದೇಶ ಸೆಕೆಂಡಿಗೆ 120 ಮೀಟರಿನವರೆಗೂ ಓಡುತ್ತದೆ. ಮಿದುಳಿನಿಂದ ಹೊರಡುವ 12 ಜೊತೆ ನರಗಳು, ಬೆನ್ನುಹುರಿಯಿಂದ ಹೊರಡುವ 31 ಜೊತೆ. ಕಾಗದದ ಮೇಲೆ ಬೆನ್ನುಹುರಿ ಬರೆದು ಕವಲುಗಳನ್ನು ಎಳೆದು ತೋರಿಸಿದೆ. ಕುತ್ತಿಗೆಯಿಂದ ತೋಳಿಗೆ ಇಳಿಯುವ ಗೆರೆಯ ಮೇಲೆ ಅವನೇ ಬೆರಳಿಟ್ಟು ಮುಂಗೈವರೆಗೂ ಎಳೆದ.

“ಇವು ಮುಖ್ಯವಾಗಿ ಚಲನೆ, ಸ್ಪರ್ಶ, ನೋವು ನೋಡಿಕೊಳ್ಳೋ ನರಗಳು. ನಾವು ಹೇಳದೇ ಒಳಗಿನ ಕೆಲಸ ಮಾಡೋ ಇನ್ನೊಂದು ಪಾಳಿ ಇದೆ” ಎಂದು ಸ್ವಾಯತ್ತ ನರವ್ಯೂಹಕ್ಕೆ ಬಂದೆ. ಎದೆಬಡಿತ, ಬೆವರು, ಜೀರ್ಣಕ್ರಿಯೆ, ರಕ್ತದೊತ್ತಡ ನೋಡಿಕೊಳ್ಳುವುದು ಅದು. ಅದರಲ್ಲಿ ಎರಡು ಭಾಗ. ಅಪಾಯ ಬಂದಾಗ ಸಿಂಪಥೆಟಿಕ್ ಭಾಗ ಏಳುತ್ತದೆ. ಮೂತ್ರಪಿಂಡದ ಮೇಲೆ ಕೂತ ಅಡ್ರಿನಲ್ ಗ್ರಂಥಿ ಅಡ್ರಿನಲಿನ್ ಸುರಿಸುತ್ತದೆ, ಹೃದಯ ಜೋರಾಗುತ್ತದೆ, ಅಂಗೈ ಬೆವರುತ್ತದೆ, ಬೆರಳು ಸಣ್ಣಗೆ ನಡುಗುತ್ತದೆ. ವಿಶ್ರಾಂತಿಯಲ್ಲಿ ಪ್ಯಾರಾಸಿಂಪಥೆಟಿಕ್ ಮೇಲುಗೈ ಪಡೆಯುತ್ತದೆ. ಅವನಿಗೆ ಮುಖ್ಯವಾದ ವಿಷಯ ಇಲ್ಲೇ ಇದ್ದದ್ದು. ನಿಮಿರುವಿಕೆ ಮುಖ್ಯವಾಗಿ ಪ್ಯಾರಾಸಿಂಪಥೆಟಿಕ್‌ನ ಕೆಲಸ, ಬೆನ್ನುಹುರಿಯ ತಳದ ನರಗಳಿಂದ ಬರುವುದು. ಗಾಬರಿಯಾದಾಗ ಅದನ್ನು ತಡೆಯುವುದು ಸಿಂಪಥೆಟಿಕ್. ಬೆಳಿಗ್ಗೆ ಎದ್ದು “ಇವತ್ತು ಆಗುತ್ತೋ ಇಲ್ವೋ” ಎಂದು ಪರೀಕ್ಷೆಗೆ ಕೂತರೆ ಆಗುವುದಿಲ್ಲ. ಪರೀಕ್ಷೆಯೇ ಅದನ್ನು ಕೆಡಿಸುತ್ತದೆ.

ವೀರ್ಯದ ಲೆಕ್ಕವನ್ನು ಬೇಗ ಮುಗಿಸಿದೆ. ಒಂದು ಸಲಕ್ಕೆ ಹೋಗುವುದು ಸಾಮಾನ್ಯವಾಗಿ ಒಂದು ಟೀ ಚಮಚದಷ್ಟು. ಅದರ ಬಹುಪಾಲು ವೀರ್ಯಕೋಶ ಮತ್ತು ಪ್ರಾಸ್ಟೇಟ್ ಗ್ರಂಥಿಗಳ ದ್ರವ. ದೇಹ ದಿನಾ ಅದನ್ನು ತಯಾರಿಸುತ್ತಲೇ ಇರುತ್ತದೆ. ನರದಿಂದಾಗಲಿ ಬೆನ್ನುಹುರಿಯಿಂದಾಗಲಿ ಅದು ಇಳಿದು ಬರುವುದಿಲ್ಲ.

ಜೋಮಿನ ವಿಷಯವನ್ನು ಮಾತಿನಲ್ಲಿ ಹೇಳಿದರೆ ನಂಬುವವನಲ್ಲ, ಮಾಡಿ ತೋರಿಸಬೇಕಿತ್ತು. ಅವನಿಗೆ ಹೃದಯದ ತೊಂದರೆ, ಅಸ್ತಮಾ, ಮೂರ್ಛೆರೋಗ ಇಲ್ಲವೆಂದು ವೈದ್ಯರ ಚೀಟಿಯಲ್ಲಿ ನೋಡಿಕೊಂಡು, ಕುರ್ಚಿಯಲ್ಲೇ ಕೂತು ಬಾಯಿಂದ ಜೋರಾಗಿ, ಬೇಗಬೇಗ ಉಸಿರಾಡು ಎಂದೆ. ನಾನೂ ಜೊತೆಗೆ ಉಸಿರಾಡಿದೆ. ಒಂದು ನಿಮಿಷ ದಾಟುವಷ್ಟರಲ್ಲಿ ಬೆರಳು ನೋಡಿಕೊಂಡ. “ಬಂತು ಸರ್. ಅದೇ. ಬಾಯಿ ಹತ್ರಾನೂ.” ಅತಿಯಾಗಿ ಉಸಿರಾಡಿದಾಗ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿದು ರಕ್ತ ಕ್ಷಾರೀಯವಾಗುತ್ತದೆ. ಬಿಡಿಯಾಗಿ ಓಡಾಡುವ ಕ್ಯಾಲ್ಸಿಯಂ ಕಡಿಮೆಯಾಗಿ ನರಗಳು ಸುಮ್ಮಸುಮ್ಮನೆ ಉದ್ರೇಕಗೊಳ್ಳುತ್ತವೆ. ಗಾಬರಿಯಾದಾಗಲೂ ಗೊತ್ತಿಲ್ಲದೇ ಹೀಗೇ ಉಸಿರಾಡುತ್ತಿರುತ್ತೇವೆ. ಉಸಿರು ನಿಧಾನಮಾಡಿದಂತೆ ಜೋಮು ಇಳಿಯಿತು. (ಇದನ್ನು ಓದಿ ಮನೆಯಲ್ಲಿ ಒಬ್ಬೊಬ್ಬರೇ ಮಾಡಿ ನೋಡಬೇಡಿ.)

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಂದ್ರೆ ವೈಂಡಿಂಗ್ ಸುಟ್ಟಿಲ್ಲ. ಓವರ್‌ಲೋಡ್ ರಿಲೇ ಸೆಟ್ಟಿಂಗ್ ತೀರಾ ಕಮ್ಮಿಗೆ ಇಟ್ಟೈತೆ, ಅದಕ್ಕೇ ಟ್ರಿಪ್ ಆಗ್ತಾ ಐತೆ” ಎಂದ. ಹೊರೆ ಹೆಚ್ಚಾದಾಗ ಮೋಟಾರ್ ಸುಡದಂತೆ ಕರೆಂಟ್ ಕಡಿಯುವ ಸಾಧನ ಆ ರಿಲೇ. ನಾನು ಇಷ್ಟು ಚೆನ್ನಾಗಿ ಹೇಳುತ್ತಿರಲಿಲ್ಲ.

ಕೊಟ್ಟ ಸಲಹೆ ಇಷ್ಟು. ಬೆಳಗಿನ ‘ಟೆಸ್ಟ್’ ಪೂರ್ತಿ ಬಂದ್. ಮೂತ್ರದ ಬಣ್ಣ ನೋಡುತ್ತಾ ನಿಲ್ಲುವುದೂ ಬೇಡ. ದಿನಕ್ಕೆ ಹತ್ತು ಲೋಟ ಮುಟ್ಟಿದ್ದ ಟೀಯನ್ನು ಎರಡಕ್ಕೆ ಇಳಿಸಬೇಕು, ಕೆಫೀನ್ ನಡುಕವನ್ನೂ ಹೆಚ್ಚಿಸುತ್ತದೆ, ನಿದ್ದೆಯನ್ನೂ ಕೆಡಿಸುತ್ತದೆ. ಬೆಳಿಗ್ಗೆ ಮತ್ತು ಮಲಗುವ ಮುಂಚೆ ಹತ್ತು ನಿಮಿಷ, ಒಳಗೆಳೆದದ್ದಕ್ಕಿಂತ ಉದ್ದವಾಗಿ ಉಸಿರು ಬಿಡುವುದು. ಉಸಿರು ಬಿಡುವಾಗ, ಮಿದುಳಿನಿಂದ ಹೃದಯಕ್ಕೆ ಇಳಿಯುವ ವೇಗಸ್ ನರದ ಪ್ರಭಾವ ಹೆಚ್ಚಿ ಎದೆಬಡಿತ ತಗ್ಗುತ್ತದೆ, ಇದನ್ನು ಮಣಿಕಟ್ಟಿನ ನಾಡಿ ಹಿಡಿದು ಅವನೇ ನೋಡಿದ. ಹಸ್ತಮೈಥುನ ಬಿಡು ಎಂದು ನಾನು ಹೇಳಲಿಲ್ಲ, ಮಾಡು ಎಂದೂ ಹೇಳಲಿಲ್ಲ. ಅದು ರೋಗವೂ ಅಲ್ಲ, ರೋಗಕ್ಕೆ ಕಾರಣವೂ ಅಲ್ಲ ಎಂದಷ್ಟೇ ಹೇಳಿದೆ.

ಮದುವೆ ಮುಂದೂಡುವುದು ಬೇಡವೆಂದು ನನಗನಿಸಿತ್ತು. ಮುಂದೂಡಿದರೆ ಆರು ತಿಂಗಳು ಪರೀಕ್ಷೆ ಮುಂದುವರಿಯುತ್ತದೆ, ಅಷ್ಟೇ. ಆದರೆ ತೀರ್ಮಾನ ಅವನದು, ಜೊತೆಗೆ ಆ ಹುಡುಗಿಯದು. ಅವಳ ಹತ್ತಿರ ಫೋನಿನಲ್ಲಿ ಏನು ಮಾತಾಡ್ತೀಯ ಎಂದು ಕೇಳಿದೆ. “ಊಟ ಆಯ್ತಾ ಅಂತ.” ಇನ್ನು ಸ್ವಲ್ಪ ಮುಂದೆ ಹೋಗು, ‘ನನಗೆ ಗಾಬರಿ ಸ್ವಭಾವ’ ಎಂಬಷ್ಟನ್ನಾದರೂ ಹೇಳು ಎಂದೆ. ಪ್ರಸ್ತದ ರಾತ್ರಿ ಏನೂ ನಡೆಯಲೇಬೇಕೆಂದಿಲ್ಲ. ಮೊದಲ ಕೆಲವು ದಿನ ಸಂಭೋಗದ ಯೋಚನೆಯನ್ನೇ ಬದಿಗಿಟ್ಟು ಮಾತು, ಸ್ಪರ್ಶ, ಒಟ್ಟಿಗೆ ಮಲಗುವುದು, ಇಷ್ಟಕ್ಕೇ ನಿಲ್ಲಿಸಿಕೊಳ್ಳಿ ಎಂದೆ. ಅವಳಿಗೂ ಭಯ ಇರುತ್ತದೆ ಎಂಬುದು ಅವನಿಗೆ ಹೊಳೆದೇ ಇರಲಿಲ್ಲ.

ಮಾವನಿಗೆ ಏನು ಹೇಳಬೇಕೆಂದು ಅವನನ್ನೇ ಕೇಳಿ, ಅವನು ಒಪ್ಪಿದಷ್ಟನ್ನೇ ಹೇಳಿದೆ. ಪರೀಕ್ಷೆಗಳು ಸರಿ ಇವೆ, ಗಾಬರಿಯ ತೊಂದರೆ ಇದೆ, ಅದು ಹೋಗುವಂಥದ್ದು. ಮಾವ ಸ್ವರ ತಗ್ಗಿಸಿ “ಮತ್ತೆ ಗಂಡಸ್ತನ...” ಎಂದು ಶುರುಮಾಡಿದರು. “ಅದನ್ನು ನೀವು ಅವನನ್ನೂ ಕೇಳಬೇಡಿ, ಮದುವೆ ಆದ ಮೇಲೆ ಬೆಳಿಗ್ಗೆ ಎದ್ದು ಮುಖ ನೋಡುತ್ತಾ ನಿಲ್ಲಲೂ ಬೇಡಿ. ನಿಮ್ಮಿಂದ ಆಗಬೇಕಾದ ದೊಡ್ಡ ಉಪಕಾರ ಅದೇ” ಎಂದೆ. ಸ್ವಲ್ಪ ಮುಜುಗರಪಟ್ಟರು, ಒಪ್ಪಿದರು.

ಓದುವವರಿಗೆ ಒಂದು ಎಚ್ಚರಿಕೆ. ಎಲ್ಲ ಜೋಮೂ ಗಾಬರಿಯದ್ದಲ್ಲ. ಮುಖ ಒಂದು ಕಡೆ ಸೊಟ್ಟಗಾದರೆ, ಮಾತು ತೊದಲಿದರೆ, ಒಂದೇ ಕಡೆಯ ಕೈಕಾಲು ಇದ್ದಕ್ಕಿದ್ದಂತೆ ಸೋತರೆ ಅದು ಪಾರ್ಶ್ವವಾಯು ಇರಬಹುದು, ಕೂಡಲೇ ದೊಡ್ಡ ಆಸ್ಪತ್ರೆಗೆ ಓಡಬೇಕು. ಪಾದದಿಂದ ಶುರುವಾಗಿ ದಿನೇ ದಿನೇ ಮೇಲೇರುವ ಸೋಲು, ಮಲಮೂತ್ರದ ಹತೋಟಿ ತಪ್ಪುವುದು, ಕತ್ತಲಲ್ಲಿ ತೂರಾಡುವುದು, ಇವಕ್ಕೂ ಆಪ್ತಸಲಹೆಗಾರ ಮದ್ದಲ್ಲ. ಗಾಬರಿಯದ್ದೇ ಆದರೆ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆಮಾಡಿ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.

ಮದುವೆ ಅದೇ ಮುಹೂರ್ತಕ್ಕೆ ನಡೆಯಿತು. ಕೆಲವು ವಾರದ ನಂತರ ಫೋನ್ ಮಾಡಿದ. ಮೊದಲೆರಡು ಸಲ ಆಗಲಿಲ್ಲವಂತೆ, ಆಗ ಹೆಂಡತಿಯೇ “ನಿಮ್ಮ ಸರ್ ಹೇಳಿದಂಗೆ ಬಿಡಿ ಇವತ್ತಿಗೆ” ಎಂದಳಂತೆ. ಈಗ ತೊಂದರೆ ಇಲ್ಲ. ಕೈ ನಡುಕ ಪೂರ್ತಿ ಹೋಗಿಲ್ಲ, ಗಿರಾಕಿ ಎದುರಿಗೆ ನಿಂತು ಅವಸರ ಮಾಡಿದರೆ ಬರುತ್ತದೆ. ಎಣಿಕೆ ತಪ್ಪುವುದು ನಿಂತಿದೆ. ಬಿ-ಕಾಂಪ್ಲೆಕ್ಸ್ ಬಿಟ್ಟೆಯಾ ಎಂದೆ. “ದಿನಾ ತಗೋತಿಲ್ಲ ಸರ್. ಜೇಬಲ್ಲಿ ಒಂದು ಸ್ಟ್ರಿಪ್ ಇಟ್ಕೊಂಡಿದೀನಿ, ಅಷ್ಟೇ.” ಇಟ್ಟುಕೊಳ್ಳಲಿ ಎಂದು ಸುಮ್ಮನಾದೆ. ಮುಂದಿನ ಭೇಟಿಗೆ ಇಬ್ಬರೂ ಬರುತ್ತಾರಂತೆ. ಅವಳಿಗೆ ಮನೆಯಲ್ಲಿ ನಿದ್ದೆ ಹತ್ತುತ್ತಿಲ್ಲವಂತೆ, ಅದನ್ನು ಕೇಳಬೇಕಂತೆ.