ಚೀನೀ ಮೂಲಿಕೆ, ಮಲಬದ್ಧತೆ ಮತ್ತು ಕರುಳಿನ ಬ್ಯಾಕ್ಟೀರಿಯಾ: ಓದುಗರ ಪ್ರಶ್ನೆಗಳು

ಪ್ರಶ್ನೆ: ಮಲಬದ್ಧತೆಗೆ ‘ಮಾ ಝಿ ರೆನ್ ವಾನ್’ ಎಂಬ ಚೀನೀ ಗುಳಿಗೆ ತೆಗೆದುಕೊಳ್ಳುತ್ತಿದ್ದೆ, ಗುಣ ಕಾಣುತ್ತಿತ್ತು. ಗಂಟಲು ಸೋಂಕಿಗೆ ಆಂಟಿಬಯೋಟಿಕ್ ಶುರುವಾದ ಮೇಲೆ ಅದು ಕೆಲಸವನ್ನೇ ಮಾಡುತ್ತಿಲ್ಲ. ಪ್ರಮಾಣ ಹೆಚ್ಚಿಸಲೇ? ಇದು ಬ್ಯಾಕ್ಟೀರಿಯಾ ಸಮತೋಲನವನ್ನೂ ಸರಿಪಡಿಸುತ್ತದಂತೆ, ನಿಜವೇ?

ಉತ್ತರ: ಹೆಚ್ಚಿಸಬೇಡಿ. ಈ ಗುಳಿಗೆಯಲ್ಲಿ ಭಂಗಿ ಬೀಜ, ಏಪ್ರಿಕಾಟ್ ಬೀಜದ ತಿರುಳು, ಬಿಳಿ ಪಿಯೋನಿ ಬೇರು, ಕಹಿ ಕಿತ್ತಳೆಯ ಎಳೆಗಾಯಿ, ಮ್ಯಾಗ್ನೋಲಿಯಾ ತೊಗಟೆ ಮತ್ತು ದಾ ಹುವಾಂಗ್ ಇವೆ. ಬೀಜಗಳ ಎಣ್ಣೆಯಂಶ ಮಲವನ್ನು ಮೆತ್ತಗೆ ಮಾಡುತ್ತದೆ. ಕರುಳನ್ನು ಬಲವಾಗಿ ಚಲಿಸುವಂತೆ ಮಾಡುವುದು ದಾ ಹುವಾಂಗ್, ಅಂದರೆ ರೇವಲ್ಚಿನ್ನಿ ಬೇರು. ಅದರಲ್ಲಿರುವ ಸೆನ್ನೋಸೈಡ್ ಎಂಬ ಭೇದಿಕಾರಕ ಅಂಶ ಸಣ್ಣ ಕರುಳನ್ನು ಹಾಗೇ ದಾಟಿ ದೊಡ್ಡ ಕರುಳಿಗೆ ಬರುತ್ತದೆ. ಅಲ್ಲಿನ ಬ್ಯಾಕ್ಟೀರಿಯಾಗಳು ಅದರ ಸಕ್ಕರೆಯ ಭಾಗವನ್ನು ಬೇರ್ಪಡಿಸಿ ರೀನ್ ಆಂಥ್ರೋನ್ ಆಗಿ ಬದಲಿಸಿದ ಮೇಲಷ್ಟೇ ಅದು ಕೆಲಸಕ್ಕಿಳಿಯುತ್ತದೆ. ರಾತ್ರಿ ನುಂಗಿದ್ದಕ್ಕೆ ಬೆಳಿಗ್ಗೆ ಫಲ ಕಾಣುವುದು ಇದೇ ಕಾರಣಕ್ಕೆ: 6ರಿಂದ 12 ಗಂಟೆ ಬೇಕು.

ಆಂಟಿಬಯೋಟಿಕ್ ಆ ಬ್ಯಾಕ್ಟೀರಿಯಾಗಳನ್ನೇ ಕಡಿಮೆ ಮಾಡಿರುತ್ತದೆ. ಈಗ ಪ್ರಮಾಣ ಏರಿಸಿದರೆ, ಅವು ಮತ್ತೆ ಹೆಚ್ಚಿದಾಗ ಅದೇ ಪ್ರಮಾಣ ಹೊಟ್ಟೆ ಹಿಂಡಿ ಭೇದಿ ಮಾಡಿಸೀತು. ಕೋರ್ಸ್ ಮುಗಿಯುವವರೆಗೆ ನೀರು, ನಾರಿನಂಶ ಹೆಚ್ಚಿಸಿ. ಸಾಲದಿದ್ದರೆ ಬೇರೆ ಔಷಧಿಗೆ ವೈದ್ಯರನ್ನು ಕೇಳಿ. ಸಮತೋಲನದ ಮಾತನ್ನು ಅಳತೆ ಮೀರಿ ನಂಬಬೇಡಿ. ಬ್ಯಾಕ್ಟೀರಿಯಾಗಳನ್ನು ಸರಿಪಡಿಸುವುದಿರಲಿ, ಈ ಮೂಲಿಕೆಯೇ ಅವುಗಳನ್ನು ನೆಚ್ಚಿಕೊಂಡಿದೆ. ಮಲಬದ್ಧತೆಗೆ ಮಾತ್ರ ಗಟ್ಟಿ ಆಧಾರವಿದೆ: 2011ರಲ್ಲಿ ಪ್ರಕಟವಾದ ಹಾಂಗ್‌ಕಾಂಗ್ ಪ್ರಯೋಗದಲ್ಲಿ 120 ಮಂದಿಗೆ 8 ವಾರ ದಿನಕ್ಕೆರಡು ಬಾರಿ 7.5 ಗ್ರಾಂ ಇದೇ ಔಷಧಿಯ ಹರಳುಪುಡಿ ಅಥವಾ ಹುಸಿ ಔಷಧಿ ಕೊಟ್ಟಾಗ, ನಿಜವಾದ ಔಷಧಿ ಪಡೆದವರಲ್ಲಿ ಶೇ. 43.3, ಇನ್ನೊಂದು ಗುಂಪಿನಲ್ಲಿ ಶೇ. 8.3 ಮಂದಿಗೆ ಗುಣ ಕಂಡಿತು.

ಪ್ರಶ್ನೆ: ದಾ ಹುವಾಂಗ್ ಸೇರಿಸಿ ಕಷಾಯ ಮಾಡಿದರೆ ಒಮ್ಮೆ ಜೋರು ಭೇದಿ, ಇನ್ನೊಮ್ಮೆ ಮಲ ಮತ್ತಷ್ಟು ಕಟ್ಟುತ್ತದೆ. ಮೂಲಿಕೆ ಒಂದೇ, ತೂಕವೂ ಒಂದೇ.

ಉತ್ತರ: ಕುದಿಸುವ ಹೊತ್ತು ಬೇರೆಯಾಗುತ್ತಿರಬೇಕು. ಹೆಚ್ಚು ಕುದಿಸಿದರೆ ಸೆನ್ನೋಸೈಡ್ ಒಡೆಯುತ್ತದೆ, ಒಗರಿನ ಟ್ಯಾನಿನ್ ಉಳಿಯುತ್ತದೆ. ಟ್ಯಾನಿನ್ ಮಲ ಕಟ್ಟಿಸುವಂಥದು. ಉಳಿದ ಮೂಲಿಕೆಗಳನ್ನು ಅರ್ಧ ಗಂಟೆ ನೆನೆಸಿ, 20-30 ನಿಮಿಷ ಸಣ್ಣ ಉರಿಯಲ್ಲಿ ಕುದಿಸಿ. ದಾ ಹುವಾಂಗ್ ಚೂರುಗಳನ್ನು ಕೊನೆಯ 5 ನಿಮಿಷಕ್ಕಷ್ಟೇ ಹಾಕಿ, ಕೂಡಲೇ ಸೋಸಿ. ಪಾತ್ರೆಯಲ್ಲೇ ಬಿಟ್ಟರೆ ಸಾರ ಇಳಿಯುತ್ತಲೇ ಇರುತ್ತದೆ. ಚೀನಾದ ಔಷಧಕೋಶ ಹೇಳುವ ಪ್ರಮಾಣ 3ರಿಂದ 15 ಗ್ರಾಂ. ತಿಳಿದವರ ಸಲಹೆಯಲ್ಲಿ 3ರಿಂದಲೇ ಆರಂಭಿಸಿ. ಮದ್ಯದಲ್ಲಿ ಬೇಯಿಸಿ ಒಣಗಿಸಿದ ಕಪ್ಪು ಬಣ್ಣದ ‘ಶು ದಾ ಹುವಾಂಗ್’ ಮೃದುವಾದದ್ದು. ಕೊಳ್ಳುವಾಗ ಯಾವುದೆಂದು ಕೇಳಿ. ಎರಡನ್ನೂ ಅದಲುಬದಲು ಬಳಸಿದರೂ ನೀವು ಹೇಳಿದಂತೆ ಫಲ ಏರುಪೇರಾಗುತ್ತದೆ.

ಗರ್ಭಿಣಿಯರಿಗೆ ಇದು ಬೇಡ. ಹೃದಯದ ಔಷಧಿ ಡಿಗಾಕ್ಸಿನ್ ಅಥವಾ ಮೂತ್ರವರ್ಧಕ ಮಾತ್ರೆ ತೆಗೆದುಕೊಳ್ಳುವವರು ಇದರಿಂದ ದೂರವಿರಿ: ಭೇದಿಯಲ್ಲಿ ಪೊಟ್ಯಾಸಿಯಂ ಹೋದರೆ ಹೃದಯದ ಬಡಿತ ತಪ್ಪಬಹುದು. ಕಷಾಯಕ್ಕೆ ಜೇಷ್ಠಮಧು ಸೇರಿದ್ದರೆ ಪೊಟ್ಯಾಸಿಯಂ ಇನ್ನೂ ಇಳಿಯುತ್ತದೆ.

ಪ್ರಶ್ನೆ: ತಿಂಗಳುಗಟ್ಟಲೆ ಸೋನಾಮುಖಿ ಚಹಾ ಕುಡಿದೆ. ಕೊಲೊನೋಸ್ಕೋಪಿಯಲ್ಲಿ ಕರುಳು ಕಪ್ಪಾಗಿದೆ ಎಂದರು.

ಉತ್ತರ: ಇದರ ಹೆಸರು ಮೆಲನೋಸಿಸ್ ಕೋಲೈ. ದಾ ಹುವಾಂಗ್, ಸೋನಾಮುಖಿ, ಲೋಳೆಸರದ ಹಳದಿ ರಸ ಮೂರರಲ್ಲೂ ಇರುವ ಆಂಥ್ರಾಕ್ವಿನೋನ್ ಎಂಬ ಭೇದಿಕಾರಕ ಅಂಶಗಳು (ಸೆನ್ನೋಸೈಡ್ ಕೂಡ ಇದೇ ಗುಂಪಿನದು) ಇದಕ್ಕೆ ಕಾರಣ. ಚಹಾ ಬಿಟ್ಟರೆ ಕೆಲವು ತಿಂಗಳಲ್ಲಿ ಬಣ್ಣ ತಿಳಿಯಾಗುತ್ತದೆ. ಆದರೆ ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ವಾಂತಿಯೊಡನೆ ಹೊಟ್ಟೆ ಉಬ್ಬುವುದು ಕಂಡರೆ ಯಾವ ಮೂಲಿಕೆಯನ್ನೂ ಮುಟ್ಟದೆ ಆಸ್ಪತ್ರೆಗೆ ಹೋಗಿ.