ಎಂ.ಎಸ್. ಓದು, ಜೊತೆಗೆ ಟಿಎ ಕೆಲಸ: ಎರಡನ್ನೂ ಬ್ಯಾಲೆನ್ಸ್ ಮಾಡೋದು ಹೇಗೆ?

ಅಮೆರಿಕದಲ್ಲಿ ಎಂ.ಎಸ್., ಎರಡನೇ ಸೆಮಿಸ್ಟರ್, ಮೂರು ಕೋರ್ಸ್, ವಾರಕ್ಕೆ 20 ಗಂಟೆ ಟಿಎ (ಟೀಚಿಂಗ್ ಅಸಿಸ್ಟೆಂಟ್, ಅಂದರೆ ಪ್ರೊಫೆಸರ್‌ಗೆ ಪಾಠದಲ್ಲಿ ನೆರವಾಗುವ) ಕೆಲಸ, ಮಲಗುವಾಗ ರಾತ್ರಿ ಎರಡು. ಟಿಎ ಬಿಡಲಾ, ಒಂದು ಕೋರ್ಸ್ ಬಿಡಲಾ, ಇಲ್ಲಾ ಒಳ್ಳೆಯ ಟೈಮ್‌ಟೇಬಲ್ ಇದ್ದರೆ ಹೇಳಿ ಅಂತ ಕೇಳಿದ್ದೀರಿ. ಓದುತ್ತಿದ್ದಂತೆ ಇದನ್ನು ನಾನೇ ಬರೆದಿದ್ದೆನಾ ಅನ್ನಿಸಿತು. ಟೈಮ್‌ಟೇಬಲ್ ನನ್ನ ಹತ್ತಿರವೂ ಇತ್ತು. ನಾಲ್ಕು ಬಣ್ಣದ್ದು. ಗೋಡೆಗೆ ಅಂಟಿಸಿದ್ದೆ. ಅದು ಗೋಡೆ ಮೇಲೇ ಇತ್ತು, ನಾನು ಗ್ರೇಡ್ ಕುಸಿದು ಪ್ರೊಬೇಷನ್‌ಗೆ, ಅಂದರೆ ಯೂನಿವರ್ಸಿಟಿಯ ಎಚ್ಚರಿಕೆ ಪಟ್ಟಿಗೆ, ಹೋದೆ.

ಒಂದು ಸ್ಟೇಟ್ ಯೂನಿವರ್ಸಿಟಿಯಲ್ಲಿ ಸಿವಿಲ್ ಎಂಜಿನಿಯರಿಂಗ್ ಎಂ.ಎಸ್. ಮಾಡುತ್ತಿದ್ದೆ. ಮೊದಲ ಸೆಮಿಸ್ಟರ್‌ನಲ್ಲೇ ಅಂಡರ್‌ಗ್ರಾಡ್ ಹುಡುಗರ ಫ್ಲೂಯಿಡ್ ಮೆಕ್ಯಾನಿಕ್ಸ್ ಲ್ಯಾಬ್‌ಗೆ ಟಿಎ ಆದೆ. ಎರಡು ಬ್ಯಾಚ್, ಒಂದೊಂದರಲ್ಲಿ 24 ಜನ. ತಿಂಗಳಿಗೆ ಸ್ಟೈಪೆಂಡ್, ಮೇಲೆ ಟ್ಯೂಷನ್ ಫೀ ಪೂರ್ತಿ ಮಾಫಿ. "ಇನ್ನು ದುಡ್ಡು ಕಳಿಸೋದು ಬೇಡ ಅಪ್ಪಾ" ಅಂತ ಫೋನ್ ಮಾಡಿದ ದಿನ ನನ್ನಷ್ಟು ದೊಡ್ಡ ಮನುಷ್ಯ ಊರಲ್ಲೇ ಇರಲಿಲ್ಲ.

ಆ ಖುಷಿಯಲ್ಲಿ ಒಂದು ನಿರ್ಧಾರ ಮಾಡಿದೆ. ಇಷ್ಟೆಲ್ಲಾ ಕೊಟ್ಟಿದ್ದಾರೆ, ಒಂದು ಕಡ್ಡಿ ಆಕಡೆ ಈಕಡೆ ಆಗದ ಹಾಗೆ ಕೆಲಸ ಮಾಡಬೇಕು. ಪ್ರತಿ ವಾರ 48 ಲ್ಯಾಬ್ ರಿಪೋರ್ಟ್ ಬರುತ್ತಿದ್ದವು. ಒಂದೊಂದನ್ನೂ ಮೊದಲಿನಿಂದ ಕೊನೆವರೆಗೆ ಓದುತ್ತಿದ್ದೆ. ತಪ್ಪಾದ ಕಡೆ ದುಂಡಗೆ ಸುತ್ತು ಹಾಕಿ ಸುಮ್ಮನಾಗುತ್ತಿರಲಿಲ್ಲ. ಯಾಕೆ ತಪ್ಪು ಅಂತ ಬರೆಯುತ್ತಿದ್ದೆ. ಲೆಕ್ಕವನ್ನು ನಾನೇ ಮತ್ತೆ ಮಾಡಿ ತೋರಿಸುತ್ತಿದ್ದೆ.

ಲೆಕ್ಕ ಅಂದ ಮೇಲೆ ನನ್ನ ಲೆಕ್ಕವನ್ನೂ ನೋಡಿ. ಒಂದು ರಿಪೋರ್ಟ್‌ಗೆ 25 ನಿಮಿಷ ಅಂದರೆ 48ಕ್ಕೆ ಸರಿಯಾಗಿ 20 ಗಂಟೆ. ಅಂದರೆ ಒಪ್ಪಂದದ ಅಷ್ಟೂ ಗಂಟೆ ಬರೀ ತಿದ್ದುವುದಕ್ಕೇ ಮುಗಿಯಿತು. ಇನ್ನು ಲ್ಯಾಬ್‌ನಲ್ಲಿ ನಿಲ್ಲುವುದು 6 ಗಂಟೆ, ಆಫೀಸ್ ಅವರ್ಸ್ (ಹುಡುಗರು ಬಂದು ಡೌಟ್ ಕೇಳುವ ಹೊತ್ತು) 2, ಪಂಪು ಪೈಪು ನೋಡಿ ರೆಡಿ ಮಾಡಿಕೊಳ್ಳುವುದು 1. ಒಟ್ಟು 29. ಹುಡುಗರ ಇಮೇಲ್ ಬೇರೆ. 12 ನಿಮಿಷಕ್ಕೆ ಒಂದು ರಿಪೋರ್ಟ್ ಮುಗಿಸಿದ್ದರೆ ಎಲ್ಲಾ ಸೇರಿ 20ರ ಒಳಗೇ ಬರುತ್ತಿತ್ತು. ಈ ಗುಣಾಕಾರಕ್ಕೆ ಎಂ.ಎಸ್. ಬೇಡ. ಆದರೂ ನಾನು ಇದನ್ನು ಮಾಡಿದ್ದು ಸೆಮಿಸ್ಟರ್ ಮುಗಿದ ಮೇಲೆ!

ವೆಂಚುರಿಮೀಟರ್ (ಪೈಪಿನಲ್ಲಿ ಎಷ್ಟು ನೀರು ಹರಿಯುತ್ತದೆ ಅಂತ ಅಳೆಯುವ ಸಾಧನ) ಪ್ರಯೋಗದ ವಾರ ಚೆನ್ನಾಗಿ ನೆನಪಿದೆ. ಒಬ್ಬ ಹುಡುಗ ಡಿಸ್ಚಾರ್ಜ್ ಕೋಎಫಿಶಿಯೆಂಟ್ (ನಿಜವಾಗಿ ಹರಿದ ನೀರಿಗೂ ಲೆಕ್ಕದ ಪ್ರಕಾರ ಹರಿಯಬೇಕಾದ ನೀರಿಗೂ ಇರುವ ಅನುಪಾತ) 1.4 ಅಂತ ಬರೆದು, ಕೆಳಗೆ ಎರಡು ಗೆರೆ ಎಳೆದಿದ್ದ. ಒಳ್ಳೆಯ ವೆಂಚುರಿಯಲ್ಲಿ ಅದು 0.98ರ ಆಸುಪಾಸು ಇರುತ್ತದೆ. ಒಂದನ್ನು ದಾಟಿತು ಅಂದರೆ ಲೆಕ್ಕಕ್ಕಿಂತ ಜಾಸ್ತಿ ನೀರು ಹರಿದಿದೆ ಅಂತ ಅರ್ಥ, ಘರ್ಷಣೆಯೇ ಇಲ್ಲದ ಪೈಪಿಗಿಂತಲೂ ಜಾಸ್ತಿ. ಒತ್ತಡ ಅಳೆಯುವ ಮ್ಯಾನೋಮೀಟರ್‌ನ ರೀಡಿಂಗ್ ಅನ್ನು ಅವನು ತಪ್ಪು ಯೂನಿಟ್‌ನಲ್ಲಿ ಹಾಕಿದ್ದ, ಅಷ್ಟೇ. "ಯೂನಿಟ್ ನೋಡು" ಅಂತ ಎರಡು ಪದ ಬರೆದಿದ್ದರೆ ಸಾಕಿತ್ತು. ನಾನು ಅರ್ಧ ಪುಟ ಬರೆದೆ, ಚಿತ್ರ ಸಮೇತ. ಅದು ಭಾನುವಾರ ರಾತ್ರಿ. ಸೋಮವಾರ ಬೆಳಿಗ್ಗೆ ನನ್ನದೇ ಓಪನ್ ಚಾನೆಲ್ ಹೈಡ್ರಾಲಿಕ್ಸ್ ಕೋರ್ಸ್‌ನ ಮಿಡ್‌ಟರ್ಮ್ ಪರೀಕ್ಷೆ ಇತ್ತು.

ಮುಂದಿನ ವಾರ ನೋಡಿದರೆ ಲ್ಯಾಬ್ ಬಾಗಿಲ ಪಕ್ಕದ ಟೇಬಲ್ ಮೇಲೆ ಅರ್ಧಕ್ಕರ್ಧ ರಿಪೋರ್ಟ್ ಹಾಗೇ ಬಿದ್ದಿದ್ದವು. ಅವನದ್ದೂ. ಗ್ರೇಡ್ ಆನ್‌ಲೈನ್‌ನಲ್ಲಿ ಸಿಕ್ಕ ಮೇಲೆ ಕಾಗದ ಯಾರಿಗೆ ಬೇಕು? ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಗಿತ್ತು ನನ್ನ ವೀಕೆಂಡ್. ಮೇಲಾಗಿ, ಹೆಸರು ಮಾರ್ಕ್ಸ್ ಇರುವ ಕಾಗದ ಹಾಗೆ ಹೊರಗೆ ಇಡಬಾರದು ಅಂತ ಲ್ಯಾಬ್ ಮ್ಯಾನೇಜರ್ ಹತ್ತಿರ ಬೈಸಿಕೊಂಡೆ. ವಿದ್ಯಾರ್ಥಿಗಳ ದಾಖಲೆ ಕಾಪಾಡುವ ಫೆರ್ಪಾ ಅನ್ನುವ ಕಾನೂನು 1974ರಿಂದಲೇ ಇದೆ. ನೀವೂ ಇಡಬೇಡಿ.

ಇಷ್ಟೂ ದಡ್ಡತನವೇ. ಆದರೆ ನನ್ನನ್ನು ಮುಳುಗಿಸಿದ್ದು ಇದಲ್ಲ. ಮುಳುಗಿಸಿದ ತಪ್ಪನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನೀವೂ ಅದನ್ನೇ ಮಾಡುತ್ತಿದ್ದೀರಿ ಅಂತ ನನಗೆ ಗುಮಾನಿ.

ನಮ್ಮ ವಿಭಾಗದಲ್ಲಿ ಎರಡು ವಾರಕ್ಕೊಮ್ಮೆ ಟೈಮ್‌ಶೀಟ್ ತುಂಬಬೇಕಿತ್ತು. ನಾನು ಸೋಮವಾರದಿಂದ ಶುಕ್ರವಾರದವರೆಗೆ 4, 4, 4, 4, 4 ಅಂತ ಬರೆಯುತ್ತಿದ್ದೆ. ಶನಿವಾರ ಭಾನುವಾರ ಖಾಲಿ. ಕೆಲಸ ನಿಜಕ್ಕೂ ನಡೆಯುತ್ತಿದ್ದದ್ದೇ ಶನಿವಾರ ಭಾನುವಾರ. ಆದರೂ ಖಾಲಿ. ಕೆಳಗೆ ಸಹಿ.

ಯಾಕೆ ಸುಳ್ಳು ಬರೆದೆ? ಎಫ್-1 ವೀಸಾದಲ್ಲಿ, ಅಂದರೆ ವಿದ್ಯಾರ್ಥಿ ವೀಸಾದಲ್ಲಿ, ಸೆಮಿಸ್ಟರ್ ನಡೆಯುವಾಗ ಕ್ಯಾಂಪಸ್‌ನಲ್ಲಿ ವಾರಕ್ಕೆ 20 ಗಂಟೆಗಿಂತ ಜಾಸ್ತಿ ಕೆಲಸ ಮಾಡುವಂತಿಲ್ಲ. ಎರಡು ಕಡೆ ಕೆಲಸ ಮಾಡಿದರೂ ಸೇರಿಸಿ 20. 29 ಅಂತ ಬರೆದರೆ ವೀಸಾಕ್ಕೆ ತೊಂದರೆ, 20 ಅಂತ ಬರೆದರೆ ಎಲ್ಲರಿಗೂ ಸಮಾಧಾನ, ಹೆಚ್ಚಿನ ಒಂಬತ್ತು ಗಂಟೆ ನನ್ನ ಕಡೆಯಿಂದ ಸೇವೆ ಅಂದುಕೊಂಡೆ. ಇಲ್ಲಿ ಎಡವಿದ್ದು ನೋಡಿ. ವೀಸಾ ನಿಯಮ ಇರುವುದು 20ರ ಮೇಲೆ ಕೆಲಸ ಮಾಡಬೇಡ ಅಂತ. 20ರ ಮೇಲೆ ಬರೆಯಬೇಡ ಅಂತ ಅಲ್ಲ! ಮುಚ್ಚಿಟ್ಟ ಮಾತ್ರಕ್ಕೆ ನಿಯಮ ಮೀರಿದ್ದು ಹೋಗುವುದಿಲ್ಲ. ಆ ನಿಯಮ ನನ್ನ ಕಡೆಗೇ ಇತ್ತು. "ಪ್ರೊಫೆಸರ್, ಇದು 20 ಗಂಟೆಯಲ್ಲಿ ಮುಗಿಯುತ್ತಿಲ್ಲ, ಅದಕ್ಕಿಂತ ಜಾಸ್ತಿ ಮಾಡಲು ನನಗೆ ಕಾನೂನೇ ಬಿಡಲ್ಲ" ಅಂದಿದ್ದರೆ ಎದುರಾಡುವವರೇ ಇರಲಿಲ್ಲ. ಕೈಯಲ್ಲಿದ್ದ ಗುರಾಣಿಯನ್ನು ಮುಚ್ಚಿಟ್ಟು ಏಟು ತಿಂದೆ.

ಡಿಸೆಂಬರ್‌ನಲ್ಲಿ ಗ್ರೇಡ್ ಬಂತು. ಒಂದರಲ್ಲಿ ಬಿ ಪ್ಲಸ್, ಒಂದರಲ್ಲಿ ಬಿ, ಓಪನ್ ಚಾನೆಲ್‌ನಲ್ಲಿ ಸಿ. ಜಿಪಿಎ, ಅಂದರೆ ಗ್ರೇಡ್‌ಗಳ ಸರಾಸರಿ, 2.77. ನಮ್ಮಲ್ಲಿ 3.0ಕ್ಕಿಂತ ಕೆಳಗೆ ಬಂದರೆ ಪ್ರೊಬೇಷನ್. ಪ್ರೊಬೇಷನ್‌ನಲ್ಲಿ ಇದ್ದವರಿಗೆ ಟಿಎಯಂಥ ಅಸಿಸ್ಟೆಂಟ್‌ಶಿಪ್ ಇಲ್ಲ. ಅಸಿಸ್ಟೆಂಟ್‌ಶಿಪ್ ಇಲ್ಲದಿದ್ದರೆ ಫೀ ಮಾಫಿಯೂ ಇಲ್ಲ. ಒಂದು ಇಟ್ಟಿಗೆ ಜಾರಿದ್ದಕ್ಕೆ ಇಡೀ ಗೋಡೆ ಬಂತು. ನನ್ನ ಸಿ ಗ್ರೇಡ್‌ನ ಬೆಲೆ ಸುಮಾರು ಹನ್ನೊಂದು ಸಾವಿರ ಡಾಲರ್.

ಗ್ರಾಜುಯೇಟ್ ಕೋಆರ್ಡಿನೇಟರ್ ಹತ್ತಿರ ಹೋಗಿ ಅಪೀಲ್ ಮಾಡಿದೆ. ಕೆಲಸದ ಹೊರೆ ಜಾಸ್ತಿ ಇತ್ತು, ವಾರಕ್ಕೆ 30 ಗಂಟೆ ಹತ್ತಿರ ಆಗುತ್ತಿತ್ತು ಅಂದೆ. ಅವರು ಒಳ್ಳೆಯವರೇ. ಬೈಯಲಿಲ್ಲ. ಕಂಪ್ಯೂಟರ್‌ನಲ್ಲಿ ನನ್ನ ಟೈಮ್‌ಶೀಟ್‌ಗಳನ್ನು ತೆಗೆದು ಸ್ಕ್ರೀನ್ ಅನ್ನು ನನ್ನ ಕಡೆ ತಿರುಗಿಸಿದರು. 4, 4, 4, 4, 4. ಇಡೀ ಸೆಮಿಸ್ಟರ್ ಪೂರ್ತಿ, ಒಂದು ಅಂಕೆಯೂ ಅಲುಗಾಡದೆ. ಎಲ್ಲದರ ಕೆಳಗೂ ನನ್ನ ಸಹಿ. "ಇದು ಸುಳ್ಳು ಅನ್ನುತ್ತೀರಾ?" ಅಂತ ಮೆಲ್ಲಗೆ ಕೇಳಿದರು. ಹೌದು ಅಂದರೆ ಸುಳ್ಳು ಸಹಿ ಹಾಕಿದ್ದು, ವೀಸಾ ನಿಯಮ ಮೀರಿದ್ದು ಎರಡನ್ನೂ ಒಪ್ಪಿಕೊಂಡ ಹಾಗೆ. ಇಲ್ಲ ಅಂದರೆ ಅಪೀಲ್‌ಗೆ ಆಧಾರವೇ ಇಲ್ಲ. ಥ್ಯಾಂಕ್ಸ್ ಹೇಳಿ ಎದ್ದು ಬಂದೆ.

ಹೊರಗೆ ಕಾರಿಡಾರ್‌ನಲ್ಲಿ ನೀರು ಕುಡಿಯುವ ನೆಪದಲ್ಲಿ ತುಂಬಾ ಹೊತ್ತು ನಿಂತಿದ್ದೆ. ಆಮೇಲೆ ಅಪ್ಪನಿಗೆ ಫೋನ್ ಮಾಡಿದೆ. ಆ ಕಾಲ್ ಬಗ್ಗೆ ಬರೆಯಲ್ಲ.

ಈಗ ನಿಮ್ಮ ಪ್ರಶ್ನೆಗೆ. ಮೊದಲಿಗೆ, ಈ ಬ್ಯಾಲೆನ್ಸ್ ಅನ್ನುವ ಮಾತೇ ನನಗೆ ಒಪ್ಪಿಗೆ ಇಲ್ಲ. ತಕ್ಕಡಿ ಅಂದರೆ ಎರಡು ತಟ್ಟೆ ಸಮ ಇರಬೇಕು, ಅಲ್ವಾ? ಇಲ್ಲಿ ಸಮ ಇಲ್ಲ. ನಿಮಗೆ ಟಿಎ ಕೆಲಸ ಸಿಕ್ಕಿರುವುದೇ ನೀವು ಅಲ್ಲಿನ ವಿದ್ಯಾರ್ಥಿ ಅಂತ. ಓದು ಕೆಟ್ಟರೆ ಕೆಲಸ ತಾನಾಗಿ ಹೋಗುತ್ತದೆ. ಟಿಎ ಕೆಲಸದಲ್ಲಿ ಬರೀ ಸಾಧಾರಣ ಅನ್ನಿಸಿಕೊಂಡರೆ ಓದಿಗೆ ಏನೂ ಆಗಲ್ಲ. ಹಾಗಾಗಿ ಓದು ಮೊದಲು, ಕೆಲಸ ಆಮೇಲೆ. ಹುಡುಗರಿಗೆ ಅನ್ಯಾಯ ಆಗಲ್ವಾ ಅಂತ ಕೇಳಬೇಡಿ. ನಿದ್ದೆಗೆಟ್ಟ ಟಿಎ ಲ್ಯಾಬ್‌ನಲ್ಲಿ ಯಾರಿಗೂ ಉಪಕಾರ ಮಾಡಿದ್ದನ್ನು ನಾನು ಕಂಡಿಲ್ಲ. ವಾಲ್ವ್ ತೆರೆಯದೆ ಪಂಪ್ ಹಾಕಿ, ಯಾಕೆ ನೀರು ಬರ್ತಿಲ್ಲ ಅಂತ ಹುಡುಗರ ಎದುರೇ ತಲೆ ಕೆರೆದುಕೊಂಡವನು ನಾನು.

ಎರಡನೆಯದು, ಕೋರ್ಸ್ ಬಿಡುವ ಯೋಚನೆ. ಅಡ್ವೈಸರ್ ಹತ್ತಿರ ಮಾತಾಡದೆ ಪೋರ್ಟಲ್‌ನಲ್ಲಿ ಡ್ರಾಪ್ ಬಟನ್ ಒತ್ತಬೇಡಿ, ದಯವಿಟ್ಟು. ಎಫ್-1ನಲ್ಲಿ ಇರುವವರು ಪೂರ್ಣಾವಧಿ ವಿದ್ಯಾರ್ಥಿ ಆಗಿರಲೇಬೇಕು. ಅದಕ್ಕಿಂತ ಕಡಿಮೆ ಮಾಡಬೇಕಾದರೆ ಇಂಟರ್‌ನ್ಯಾಷನಲ್ ಸ್ಟೂಡೆಂಟ್ ಆಫೀಸ್‌ನ ಡಿಎಸ್‌ಒ (ವೀಸಾ ವಿಷಯ ನೋಡಿಕೊಳ್ಳುವ ಅಧಿಕಾರಿ) ಒಪ್ಪಿಗೆ ಮೊದಲೇ ಬೇಕು, ಆಮೇಲಲ್ಲ. ಕೆಲವು ಕಡೆ ಅಸಿಸ್ಟೆಂಟ್‌ಶಿಪ್ ಇದ್ದವರಿಗೆ ಕಡಿಮೆ ಕ್ರೆಡಿಟ್‌ಗೇ ಪೂರ್ಣಾವಧಿ ಅಂತ ಲೆಕ್ಕ ಹಿಡಿಯುತ್ತಾರೆ. ನಿಮ್ಮಲ್ಲಿ ಹೇಗೆ ಅಂತ ಕೇಳಿ ತಿಳಿದುಕೊಳ್ಳಿ. ಕೇಳಿದ್ದಕ್ಕೆ ವೀಸಾ ಹೋದವರನ್ನು ನಾನು ನೋಡಿಲ್ಲ.

ಟಿಎ ಬಿಟ್ಟು ಆರ್‌ಎ (ರಿಸರ್ಚ್ ಅಸಿಸ್ಟೆಂಟ್, ಸಂಶೋಧನೆಗೆ ನೆರವಾಗುವ ಕೆಲಸ) ಸಿಕ್ಕರೆ ಹೇಗೆ ಅಂತಲೂ ಕೊನೆಯಲ್ಲಿ ಕೇಳಿದ್ದೀರಿ. ಸಿಕ್ಕರೆ ತಗೊಳ್ಳಿ. ಥೀಸಿಸ್ ಕೆಲಸಕ್ಕೂ ಅದಕ್ಕೂ ಹೊಂದಿಕೆ ಆದರೆ ಒಂದೇ ಕಲ್ಲಿಗೆ ಎರಡು ಹಕ್ಕಿ. ಆದರೆ ಗಂಟೆ ಎಣಿಸುವ ಅಭ್ಯಾಸ ಇಲ್ಲದವರನ್ನು ಆರ್‌ಎ ಇನ್ನೂ ಸುಲಭವಾಗಿ ನುಂಗುತ್ತದೆ. ಅಲ್ಲಿ ರಿಪೋರ್ಟ್ 48ಕ್ಕೆ ಮುಗಿಯುವುದಿಲ್ಲ, ಸಂಶೋಧನೆ ಯಾವತ್ತೂ ಮುಗಿಯುವುದೇ ಇಲ್ಲ.

ನೀವು ಮಾಡಬೇಕಾದ್ದು ಒಂದೇ. ಮುಂದಿನ ಎರಡು ವಾರ ಟಿಎ ಕೆಲಸಕ್ಕೆ ಕೂತಾಗಲೆಲ್ಲಾ ಶುರು ಮಾಡಿದ ಹೊತ್ತು, ಎದ್ದ ಹೊತ್ತು ಬರೆದಿಡಿ. ಇಮೇಲ್ ನೋಡಿದ್ದನ್ನೂ ಬರೆಯಿರಿ. ಫೋನಿನಲ್ಲೇ ಸಾಕು, ಆ್ಯಪ್ ಗೀಪ್ ಬೇಡ. ಅದನ್ನು ಹಿಡಿದುಕೊಂಡು ಪ್ರೊಫೆಸರ್ ಹತ್ತಿರ ಹೋಗಿ. "ನನಗೆ ಆಗ್ತಿಲ್ಲ" ಅನ್ನಬೇಡಿ. "ತಿದ್ದುವುದಕ್ಕೆ ಇಷ್ಟು, ಲ್ಯಾಬ್‌ಗೆ ಇಷ್ಟು, ಒಟ್ಟು ಇಷ್ಟು ಆಗ್ತಿದೆ. 20ಕ್ಕೆ ಇಳಿಸಬೇಕು, ಯಾವುದನ್ನು ಕಡಿಮೆ ಮಾಡಲಿ?" ಅಂತ ಕೇಳಿ. ಯಾವುದನ್ನು ಅನ್ನುವುದನ್ನು ಅವರೇ ಆರಿಸಲಿ. ಈ ಪ್ರಶ್ನೆಗೆ ಉತ್ತರ ಕೊಡುವುದು ಅವರ ಕೆಲಸ, ನಿಮ್ಮದಲ್ಲ. ಅವರು ಬಗ್ಗದಿದ್ದರೆ ವಿಭಾಗದ ಗ್ರಾಜುಯೇಟ್ ಡೈರೆಕ್ಟರ್ ಇದ್ದಾರೆ. ನಿಮ್ಮ ಯೂನಿವರ್ಸಿಟಿಯಲ್ಲಿ ಗ್ರಾಜುಯೇಟ್ ಅಸಿಸ್ಟೆಂಟ್‌ಗಳ ಯೂನಿಯನ್ ಇದ್ದರೆ ಅವರನ್ನೂ ಕಾಣಿ. 2022ರ ಕೊನೆಯಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಕ್ಯಾಂಪಸ್‌ಗಳಲ್ಲಿ ಸುಮಾರು 48,000 ಜನ ಮುಷ್ಕರಕ್ಕೆ ಇಳಿದಿದ್ದರು, ಅದರಲ್ಲಿ ನಮ್ಮಂಥ ಟಿಎ, ಆರ್‌ಎಗಳೂ ಇದ್ದರು. ಅದನ್ನು ನ್ಯೂಸ್‌ನಲ್ಲಿ ನೋಡುವವರೆಗೂ ಟಿಎ ಕೆಲಸ ಕಷ್ಟ ಅನ್ನಿಸುವುದು ನನ್ನೊಬ್ಬನ ಕೈಲಾಗದತನ ಅಂತಲೇ ತಿಳಿದಿದ್ದೆ.

ನೀವು ಕೇಳದ ಒಂದು ವಿಷಯ: ಪೇಸ್ಲಿಪ್ ತೆಗೆದು ನೋಡಿ. ಎಫ್-1ನಲ್ಲಿ ಬಂದ ಮೊದಲ ಐದು ಕ್ಯಾಲೆಂಡರ್ ವರ್ಷ ಸಾಮಾನ್ಯವಾಗಿ ಸೋಷಿಯಲ್ ಸೆಕ್ಯೂರಿಟಿ, ಮೆಡಿಕೇರ್ ಅಂತ 7.65% ಕಡಿಯುವ ಹಾಗಿಲ್ಲ. ಕಡಿಯುತ್ತಿದ್ದರೆ ಪೇರೋಲ್ ಆಫೀಸ್‌ನಲ್ಲಿ ಕೇಳಿ.

ನನ್ನ ಕಥೆ ಆಮೇಲೆ ಏನಾಯ್ತು ಅಂದರೆ, ಸ್ಪ್ರಿಂಗ್ ಸೆಮಿಸ್ಟರ್ ಫೀಗೆ ಅಪ್ಪ ಸಾಲ ಮಾಡಿದರು. ನಾನು ಲೈಬ್ರರಿ ಕೌಂಟರ್‌ನಲ್ಲಿ ವಾರಕ್ಕೆ 15 ಗಂಟೆ ಪುಸ್ತಕ ಸ್ಕ್ಯಾನ್ ಮಾಡಿದೆ. ಬಾಗಿಲು ಮುಚ್ಚಿದ ಮೇಲೆ ಕೆಲಸ ಹಿಂದೆ ಬರುತ್ತಿರಲಿಲ್ಲ, ಅದೊಂದು ಸುಖ. ಆ ಸೆಮಿಸ್ಟರ್ ಒಂದು ಎ ಮೈನಸ್, ಎರಡು ಬಿ ಪ್ಲಸ್ ಬಂತು. ಒಟ್ಟು ಜಿಪಿಎ 3.1. ಮುಂದಿನ ಫಾಲ್ ಸೆಮಿಸ್ಟರ್‌ಗೆ ಅದೇ ಲ್ಯಾಬ್, ಅದೇ ಪ್ರೊಫೆಸರ್ ಜೊತೆ ಟಿಎ ವಾಪಸ್ ಸಿಕ್ಕಿತು.

ಮೊದಲ ದಿನವೇ ಒಂದು ಹಾಳೆ ಹಿಡಿದು ಅವರ ರೂಮಿಗೆ ಹೋದೆ. 48 ರಿಪೋರ್ಟ್, 25 ನಿಮಿಷ, 20 ಗಂಟೆ ಅಂತ ತೋರಿಸಿದೆ. ಅವರು ಕನ್ನಡಕ ಮೇಲೇರಿಸಿ ನೋಡಿದರು. "ನೀನು ಪೂರ್ತಿ ರಿಪೋರ್ಟ್ ಓದ್ತಿದ್ಯಾ?" ಅಂತ ನಿಜವಾಗಿಯೂ ಆಶ್ಚರ್ಯಪಟ್ಟು ಕೇಳಿದರು. ಹಾಳೆ ತಿರುಗಿಸಿ ಹಿಂದುಗಡೆ ಪೆನ್ಸಿಲ್‌ನಲ್ಲಿ ನಾಲ್ಕು ಸಾಲು ಬರೆದರು: ಡೇಟಾ ಟೇಬಲ್, ಒಂದು ಮಾದರಿ ಲೆಕ್ಕ, ಗ್ರಾಫ್, ಕೊನೆಯ ಪ್ಯಾರಾ. "ಇಷ್ಟು ನೋಡು, ಸಾಕು" ಅಂದರು. ಎಲ್ಲಾ ಸೇರಿ ಎರಡು ನಿಮಿಷವೂ ಆಗಿರಲಿಲ್ಲ.