ಮಗುಚಿದಾಗ ಮಾತ್ರ ಕಿರುಚುವ ಗ್ಲೋ ಎಂಜಿನ್: ಗದಗಿನವರ ಪ್ರಶ್ನೆಗೆ

ಗದಗಿನ ಗೆಳೆಯರೇ, ತಂತಿಗೆ ಕಟ್ಟಿ ಸುತ್ತ ಹಾರಿಸುವ ನಿಮ್ಮ ಸ್ಟಂಟ್ (ಕಸರತ್ತಿನ) ಮಾಡೆಲ್ ವಿಮಾನದ 35 ಸೈಜಿನ (0.35 ಘನ ಇಂಚಿನ) ಎಂಜಿನ್ ನೆಟ್ಟಗೆ ಹಾರುವಾಗ ಹದವಾಗಿದೆ, ಮಾಡೆಲ್ ಮಗುಚಿದ ಕೂಡಲೇ ಕಿರುಚುತ್ತದೆ ಅಂದಿದ್ದೀರಿ. ಸದ್ಯ ಇಂಧನ ಹೆಚ್ಚು ಕಡಿಮೆ ಮಾಡುವ ಸೂಜಿ ಮುಟ್ಟಬೇಡಿ. ಮೊದಲು ಟ್ಯಾಂಕಿನ ಎತ್ತರ ನೋಡಿ. ಟ್ಯಾಂಕ್, ಎಂಜಿನ್ನಿಗೆ ಇಂಧನ ಬಿಡುವ ಕೊಳವೆಯಾದ ಸ್ಪ್ರೇಬಾರ್‌ಗಿಂತ ಮೇಲಿದ್ದರೆ ನೆಟ್ಟಗಿದ್ದಾಗ ಇಂಧನ ಜಾಸ್ತಿ ಹೋಗುತ್ತದೆ, ಮಗುಚಿದಾಗ ಕಡಿಮೆಯಾಗುತ್ತದೆ. ಅದಕ್ಕೇ ಆ ಕಿರುಚಾಟ. ಒಂದೂವರೆ ಮಿಲಿಮೀಟರ್ ಕೆಳಗಿಳಿಸಿ ಹಾರಿಸಿ. ನೆಟ್ಟಗೂ ಮಗುಚಿಯೂ ಒಂದು ಸುತ್ತು ಹಾರಲು ಒಂದೇ ಸಮಯ ಹಿಡಿಯುವವರೆಗೆ ಹೀಗೇ ಸರಿಮಾಡಿ.

ಆಮೇಲೆ ಸೂಜಿ. ಪೂರ್ತಿ, ಅಂದರೆ ಪ್ರತಿ ಸುತ್ತಿಗೂ ಉರಿಯುವ, ಟೂ-ಸ್ಟ್ರೋಕ್‌ನಲ್ಲಿ ಕೂಗುವ ತನಕ ಬಿಗಿ ಮಾಡಿ. ನಂತರ ಸುತ್ತು ಬಿಟ್ಟು ಸುತ್ತು ಉರಿಯುವ ಫೋರ್-ಸ್ಟ್ರೋಕ್‌ನ ಆ ದಪ್ಪ ಗುಡುಗುಡು ಸದ್ದು ಬರುವಷ್ಟು ಸಡಿಲಿಸಿ. ಜೊತೆಗಾರರು ಮಾಡೆಲ್ಲನ್ನು ಗಟ್ಟಿಯಾಗಿ ಹಿಡಿದು ಮೂತಿ ಮೇಲೆತ್ತಲಿ. ಸದ್ದು ಟೂ-ಸ್ಟ್ರೋಕ್‌ಗೆ ಏರಿ, ಇಳಿಸಿದಾಗ ಮರಳಿ ಗುಡುಗುಡು ಬಂದರೆ ಸಾಕು. ಲೂಪ್ ಹತ್ತುವಾಗ ಶಕ್ತಿ, ಇಳಿಯುವಾಗ ಸಮಾಧಾನ, ಸ್ಟಂಟ್‌ಗೆ ಬೇಕಾದದ್ದು ಇದೇ ಅಲ್ವಾ? ಈ ಸದ್ದು ಕಿವಿಗೆ ಹತ್ತಿದರೆ ಬಿಡಲು ಮನಸ್ಸಾಗುವುದಿಲ್ಲ.

ಬಾಲ್ ಬೇರಿಂಗ್ ಬದಲು ಬುಶಿಂಗ್ (ಲೋಹದ ಬಳೆ) ಇರುವ ಹಳೆ ಎಂಜಿನ್ ಆದರೆ ಇಂಧನದಲ್ಲಿ ಔಡಲೆಣ್ಣೆ 25 ಶೇಕಡಕ್ಕಿಂತ ಕಡಿಮೆ ಬೇಡ. ನಮ್ಮ ಧಾರವಾಡದ ಜಿಟಿಜಿಟಿ ಮಳೆಯಲ್ಲಿ ಇಂಧನದಲ್ಲಿನ ಮೆಥನಾಲ್ ತೇವ ಹೀರಿಕೊಳ್ಳುತ್ತದೆ, ಕ್ಯಾನಿನ ಮುಚ್ಚಳ ಬಿಗಿಯಾಗಿರಲಿ. ಟ್ಯಾಂಕ್ ಇಳಿಸಿದ ಮೇಲೆ ಏನಾಯಿತು ಅಂತ ಖಂಡಿತ ಬರೆಯಿರಿ.